ಘಟ್ಟದ ದಾರಿಯೂ ಗಾಲಿಯ ರಬ್ಬರೂ

ಮೋಟಾರು ಬಂಡಿಯು ಎಷ್ಟೇ ದೊಡ್ಡದಾಗಿರಲಿ, ಅದು ಭೂಮಿಯನ್ನು ಮುಟ್ಟುವುದು ನಾಲ್ಕು ಕಡೆಗಳಲ್ಲಿ ಮಾತ್ರ. ಒಂದೊಂದು ಕಡೆಯೂ ಹೆಚ್ಚು ಕಡಮೆ ಒಂದು ಅಂಗೈಯಗಲ. ಯಂತ್ರದ ಬಲವು ನೆಲಕ್ಕಿಳಿಯುವುದು ಆ ನಾಲ್ಕು ಅಂಗೈಗಳ ಮೂಲಕ. ಬ್ರೇಕು ಬಂಡಿಯನ್ನು ನಿಲ್ಲಿಸುವುದು ಅವುಗಳ ಮೂಲಕ. ತಿರುವಿನಲ್ಲಿ ಬಂಡಿಯು ಕಣಿವೆಯ ಕಡೆಗೆ ಜಾರದೆ ಉಳಿಯುವುದೂ ಅವುಗಳ ಪುಣ್ಯದಿಂದಲೇ. ಹೀಗಿದ್ದರೂ ಬಂಡಿಯನ್ನು ಕೊಳ್ಳುವಾಗ ಅದರ ಬಣ್ಣವನ್ನೂ ಮೆತ್ತೆಯನ್ನೂ ಹತ್ತು ಸಲ ನೋಡುವ ಗೃಹಸ್ಥನು, ಟಯರು ಸವೆದು ಹೊಸದನ್ನು ಹಾಕಿಸುವ ಕಾಲ ಬಂದಾಗ, "ಯಾವುದೋ ಒಂದು ಹಾಕಿಬಿಡಪ್ಪ" ಎಂದು ಅಂಗಡಿಯವನಿಗೆ ಹೇಳಿ ಪಕ್ಕದ ಹೋಟೆಲಿಗೆ ಕಾಫಿಗೆ ಹೋಗುವುದುಂಟು.

ಬಯಲುಸೀಮೆಯ ನೇರವಾದ ರಸ್ತೆಯಲ್ಲಿ ಈ ಉದಾಸೀನದ ಫಲವು ಬಹುಕಾಲ ಕಾಣಿಸಿಕೊಳ್ಳದೆ ಇರಬಹುದು. ಮಲೆನಾಡಿನ ಘಟ್ಟಗಳಲ್ಲಿ, ಅದರಲ್ಲಿಯೂ ಮಳೆಗಾಲದಲ್ಲಿ, ಅದು ಒಂದೇ ತಿರುವಿನಲ್ಲಿ ಕಾಣಿಸಿಕೊಳ್ಳುವುದು. ಮೈಸೂರಿನಿಂದ ಮಡಿಕೇರಿಗೂ, ಅಲ್ಲಿಂದ ಸಂಪಾಜೆಯ ಘಟ್ಟವನ್ನಿಳಿದು ಸುಳ್ಯಕ್ಕೂ ನಾವು ಮಾಡಿದ ಒಂದು ಪ್ರಯಾಣದಲ್ಲಿ ಕಂಡು ಕೇಳಿದ ಸಂಗತಿಗಳನ್ನು, ಮನೆಯಲ್ಲಿ ಪಿಕಪ್ಪನ್ನೋ ಜೀಪನ್ನೋ ಎಸ್‌ಯುವಿ ಎಂದು ಈಗ ಕರೆಯುವ ಎತ್ತರದ ಕಾರನ್ನೋ ಇಟ್ಟುಕೊಂಡಿರುವ ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಪ್ರಯಾಣಕ್ಕೆ ಕಾರಣವಾದವರು ಮಡಿಕೇರಿಯ ಬಳಿಯಲ್ಲಿ ಕಾಫಿಯ ತೋಟವನ್ನು ಮಾಡಿಕೊಂಡಿರುವ ನಮ್ಮ ಮಿತ್ರರು. ಅವರಲ್ಲಿ ಎರಡು ವಾಹನಗಳಿವೆ. ಒಂದು ಪಿಕಪ್ಪು, ಅದು ಕಾಫಿ, ಮೆಣಸು, ಗೊಬ್ಬರದ ಮೂಟೆಗಳನ್ನು ಹೊರುವುದು. ಇನ್ನೊಂದು ಮನೆಮಂದಿಯ ಎಸ್‌ಯುವಿ; ಅದರಲ್ಲಿ ಮಕ್ಕಳು ಶಾಲೆಗೂ, ಮಿತ್ರರ ವೃದ್ಧ ತಾಯಿಯವರು ತಿಂಗಳಿಗೊಮ್ಮೆ ಘಟ್ಟವಿಳಿದು ವೈದ್ಯರಲ್ಲಿಗೂ ಹೋಗಿಬರುವರು. ಎರಡರ ಟಯರುಗಳೂ ಸವೆದು ನುಣುಪಾಗಿದ್ದುವು. "ಮುಂಗಾರಿಗೆ ಇನ್ನು ಹದಿನೈದು ದಿನವಿಲ್ಲ. ಎಂಟೂ ಬದಲಾಗಬೇಕು. ಹೇಗೂ ಮೈಸೂರಿನ ಮೇಲೆ ಬರುತ್ತೀರಿ, ಅಲ್ಲಿ ನಾಲ್ಕು ಕಡೆ ವಿಚಾರಿಸಿಕೊಂಡು ಬನ್ನಿ" ಎಂದು ಅವರು ಹೇಳಿಕಳುಹಿಸಿದ್ದರು. ನಾವು ಮೂವರು ಹೊರಟೆವು.

ಮೈಸೂರೆಂದೊಡನೆ ಗಂಧ, ರೇಷ್ಮೆ, ಮಲ್ಲಿಗೆಗಳು ನೆನಪಿಗೆ ಬರುವುವು. ಟಯರೂ ಆ ಊರಿನ ಪದಾರ್ಥವೇ ಎಂಬುದು ಅನೇಕರಿಗೆ ತಿಳಿಯದು. ಕೃಷ್ಣರಾಜಸಾಗರದ ರಸ್ತೆಯಲ್ಲಿ ಮೇಟಗಳ್ಳಿಯ ಕಡೆ ಹೋದವರು ವಿಕ್ರಾಂತ್ ಟಯರು ಕಾರ್ಖಾನೆಯನ್ನು ನೋಡಿಯೇ ಇರುವರು. ೧೯೯೭ರಲ್ಲಿ ಅದು ಜೆ.ಕೆ. ಟಯರು ಸಂಸ್ಥೆಯ ಕೈಗೆ ಹೋಯಿತು. ಊರಿನ ಹಿರಿಯರ ಬಾಯಲ್ಲಿ ಮಾತ್ರ ಇಂದಿಗೂ ಅದು ವಿಕ್ರಾಂತವೇ.

ಪೇಟೆಯ ಒಂದು ಹಳೆಯ ಟಯರು ಅಂಗಡಿಗೆ ಹೋದೆವು. ಯಜಮಾನರು ವಯಸ್ಸಾದವರು. "ಯಾವ ಟಯರು ಒಳ್ಳೆಯದು?" ಎಂದು ನಾವು ಕೇಳಿದೊಡನೆ ಅವರು ನಕ್ಕು, "ಯಾವ ಚಪ್ಪಲಿ ಒಳ್ಳೆಯದು ಎಂದು ಕೇಳಿದ ಹಾಗಾಯಿತು ಸ್ವಾಮಿ! ಗದ್ದೆಗೋ, ದೇವಸ್ಥಾನಕ್ಕೋ, ಮದುವೆಯ ಮನೆಗೋ? ದಾರಿ ಎಂತಹುದು, ಹೊರೆ ಎಷ್ಟು, ಮಳೆ ಹೇಗೆ, ಇಷ್ಟನ್ನು ನೀವು ಹೇಳಿ, ಟಯರನ್ನು ಆಮೇಲೆ ನಾನು ಹೇಳುತ್ತೇನೆ" ಎಂದರು. ಬಳಿಕ ಒಂದು ಟಯರನ್ನು ಉರುಳಿಸಿ ತಂದು ನಮ್ಮ ಮುಂದೆ ನಿಲ್ಲಿಸಿ, ಅದರ ಪಕ್ಕೆಯ ಮೇಲಿನ ಬರೆಹವನ್ನು ಮಗುವಿಗೆ ಅಕ್ಷರ ಕಲಿಸುವಂತೆ ಓದಿಸಿದರು. ಆ ಪಾಠವನ್ನು ವಾಚಕರಿಗೂ ಒಪ್ಪಿಸುವೆವು.

ಪಕ್ಕೆಯ ಮೇಲೆ '೨೧೫/೭೫ ಆರ್ ೧೫' ಎಂದಿದ್ದಿತು. ೨೧೫ ಎಂಬುದು ಟಯರಿನ ಅಗಲ, ಮಿಲಿಮೀಟರುಗಳಲ್ಲಿ. ೭೫ ಎಂದರೆ ಪಕ್ಕೆಯ ಎತ್ತರವು ಆ ಅಗಲದ ನೂರಕ್ಕೆ ಎಪ್ಪತ್ತೈದು ಪಾಲು. ಆರ್ ಎಂದರೆ ರೇಡಿಯಲ್. ಒಳಗಿನ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡ ಹಾಯುವ ಕಟ್ಟಡ. ಫ್ರಾನ್ಸಿನ ಮಿಷಲಿನ್ ಸಂಸ್ಥೆಯು ೧೯೪೬ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆಯಿತು. ಈಗ ಕಾರುಗಳಲ್ಲೆಲ್ಲ ಇದೇ ಬಳಕೆಯಲ್ಲಿದೆ. ಕೊನೆಯ ೧೫ ಎಂಬುದು ಟಯರು ಕೂರುವ ಉಕ್ಕಿನ ಗಾಲಿಯ ವ್ಯಾಸ, ಅಂಗುಲಗಳಲ್ಲಿ.

ಇದರ ಮುಂದೆಯೇ '೧೦೦ ಎಸ್' ಎಂದು ಇನ್ನೊಂದು ಗುರುತು. ಇದನ್ನು ಓದುವವರು ಅಪೂರ್ವ. ಆದರೆ ಇದರಷ್ಟು ಬೆಲೆಯುಳ್ಳದ್ದು ಬೇರೊಂದಿಲ್ಲ. ೧೦೦ ಎಂಬುದು ಹೊರೆಯ ಅಂಕ. ಅದು ಕಿಲೋಗ್ರಾಮಲ್ಲ, ಒಂದು ಪಟ್ಟಿಯಲ್ಲಿನ ಕ್ರಮಸಂಖ್ಯೆ. ಆ ಪಟ್ಟಿಯ ಪ್ರಕಾರ ೧೦೦ ಎಂದರೆ ಆ ಒಂದು ಟಯರು ಹೊರಬಲ್ಲುದು ೮೦೦ ಕಿಲೋಗ್ರಾಮು. ೧೦೬ ಎಂದಿದ್ದರೆ ೯೫೦. ೧೦೮ ಎಂದಿದ್ದರೆ ಒಂದು ಸಾವಿರ. ಎಸ್ ಎಂಬ ಅಕ್ಷರವು ವೇಗದ ಮಿತಿ, ಗಂಟೆಗೆ ೧೮೦ ಕಿಲೋಮೀಟರು.

ಕೊನೆಯಲ್ಲಿ ಯಜಮಾನರು ಬೆರಳಿಟ್ಟು ತೋರಿಸಿದ್ದು ಒಂದು ಸಣ್ಣ ಉದ್ದುರುಟು ಚೌಕಟ್ಟಿನೊಳಗಿನ ನಾಲ್ಕು ಅಂಕಗಳನ್ನು. ಅದು ಟಯರಿನ ಜಾತಕ. ೨೩೨೪ ಎಂದಿದ್ದರೆ ೨೦೨೪ನೆಯ ಇಸವಿಯ ಇಪ್ಪತ್ತಮೂರನೆಯ ವಾರದಲ್ಲಿ ಅದು ಅಚ್ಚಿನಿಂದ ಹೊರಬಂದಿತೆಂದು ತಿಳಿಯಬೇಕು. ರಬ್ಬರು ಓಡಿದರೆ ಮಾತ್ರ ಹಳತಾಗುವ ವಸ್ತುವಲ್ಲ. ಗಾಳಿ, ಬಿಸಿಲು, ಶಾಖಗಳಿಂದ ನಿಂತಲ್ಲಿಯೇ ಗಡುಸಾಗಿ ಬಿರಿಯುವುದು. ಐದು ವರ್ಷ ಕಳೆದ ಮೇಲೆ ಪ್ರತಿವರ್ಷವೂ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕೆಂದೂ, ಹಲ್ಲು ಎಷ್ಟೇ ಉಳಿದಿದ್ದರೂ ಹತ್ತು ವರ್ಷಕ್ಕೆ ಮೀರಿ ಬಳಸಬಾರದೆಂದೂ ಹೆಸರುವಾಸಿಯಾದ ತಯಾರಕರು ಹೇಳುವರು. "ಬೆಲೆ ಇಳಿಸಿದ್ದೇವೆಂದು ಕೂಗುವ ಕಡೆ ಮೊದಲು ಈ ನಾಲ್ಕು ಅಂಕ ನೋಡಿ. ಹೆಚ್ಚುವರಿ ಗಾಲಿಯೆಂದು ಹಿಂದೆ ತೂಗಹಾಕಿರುತ್ತೀರಲ್ಲ, ಅದರದೂ ನೋಡಿ. ಅದನ್ನು ಯಾರೂ ನೋಡುವುದಿಲ್ಲ" ಎಂದು ಯಜಮಾನರು ಹೇಳಿದರು. ಐಎಸ್‌ಐ ಗುರುತಿಲ್ಲದ ಟಯರನ್ನು ಮುಟ್ಟಬಾರದೆಂಬುದು ಅವರ ಕೊನೆಯ ಮಾತು.

ಮೈಸೂರಿನಿಂದ ಮಡಿಕೇರಿಗೆ ಸುಮಾರು ೧೨೦ ಕಿಲೋಮೀಟರು. ಹುಣಸೂರು, ಪಿರಿಯಾಪಟ್ಟಣಗಳನ್ನು ಹಾಯ್ದು ರಾಷ್ಟ್ರೀಯ ಹೆದ್ದಾರಿ ೨೭೫ ಬೈಲಕುಪ್ಪೆಯ ಟಿಬೆಟ್ಟಿನವರ ವಸತಿಯ ಪಕ್ಕದಲ್ಲಿ ಸಾಗಿ, ಕುಶಾಲನಗರದಲ್ಲಿ ಕಾವೇರಿಯನ್ನು ದಾಟುವುದು. ಅಲ್ಲಿಯವರೆಗೆ ಹೊಗೆಸೊಪ್ಪಿನ ಹೊಲಗಳ ನಡುವಣ ಏರಿಳಿತ ಕಡಮೆಯಾದ ದಾರಿ. ಹೊಸದಾಗಿ ಪಾಠ ಕಲಿತ ಹುಡುಗರಂತೆ ನಾವು ದಾರಿಯುದ್ದಕ್ಕೂ ಎದುರಾದ ಪಿಕಪ್ಪುಗಳ ಗಾಲಿಗಳನ್ನೇ ನೋಡುತ್ತ ಹೋದೆವು. ಮುಂದಿನ ಗಾಲಿಗಳಿಗೆ ಉದ್ದನೆಯ ಗೀರುಗಳ ಟಯರು, ಹಿಂದಿನವಕ್ಕೆ ಅಡ್ಡಹಲ್ಲುಗಳ ಒರಟು ಟಯರು. ಇದು ಹಲವು ಬಂಡಿಗಳ ಪದ್ಧತಿ. ಮೊದಲನೆಯದನ್ನು ರಿಬ್ ಎಂದೂ ಎರಡನೆಯದನ್ನು ಲಗ್ ಎಂದೂ ಅಂಗಡಿಯವರು ಕರೆಯುವರು. ರಿಬ್ ನೇರವಾಗಿ ಓಡಲೂ ತಿರುಗಲೂ ಅನುಕೂಲ. ಲಗ್ ಮಣ್ಣಿನಲ್ಲಿ ಕಚ್ಚಿ ತಳ್ಳಲು ಅನುಕೂಲ. ಹಿಂದಿನ ಗಾಲಿಗಳಿಂದ ತಳ್ಳಿಸಿಕೊಳ್ಳುವ ಬಂಡಿಗೆ ಈ ಏರ್ಪಾಡು ಯುಕ್ತವಾಗಿಯೇ ಇದೆ.

ಹುಣಸೂರಿನ ಆಚೆ ಒಂದು ಪಿಕಪ್ಪು ಮರದ ನೆರಳಿನಲ್ಲಿ ನಿಂತಿದ್ದಿತು. ಹಿಂದಿನ ಟಯರಿನ ಪಕ್ಕೆಯು ಉಬ್ಬಿ ಸೀಳಿಹೋಗಿದ್ದಿತು. ಮೇಲೆ ಎದೆಯೆತ್ತರ ಒಟ್ಟಿದ ಮೂಟೆಗಳು. ಟಯರಿನ ಹಲ್ಲು ಇನ್ನೂ ಹೊಸತರಂತೆಯೇ ಇದ್ದಿತು. ಚಾಲಕನು ತರುಣ. "ರಸ್ತೆ ಚೆನ್ನಾಗಿಯೇ ಇತ್ತು ಸಾರ್, ಕಲ್ಲೂ ಇರಲಿಲ್ಲ" ಎಂದು ಹೇಳಿ ತಲೆಯ ಮೇಲೆ ಕೈಹೊತ್ತು ಕುಳಿತನು. ನಾವು ಬಗ್ಗಿ ನೋಡಿದೆವು. ಹೊರೆಯ ಅಂಕವು ೧೦೦. ಕಾರಿಗೆ ತಕ್ಕ ಟಯರು ಲಾರಿಯ ಕೆಲಸವನ್ನು ಮಾಡುತ್ತಿದ್ದಿತು. ಹೊರೆ ಮೀರಿದಾಗಲೂ ಗಾಳಿ ಕಡಮೆಯಾದಾಗಲೂ ಪಕ್ಕೆಯು ಪ್ರತಿ ಸುತ್ತಿನಲ್ಲಿಯೂ ಬಗ್ಗಿ ಎದ್ದು ಒಳಗೊಳಗೇ ಕಾಯುವುದು. ಕಾದ ರಬ್ಬರು ನೂಲನ್ನು ಬಿಟ್ಟುಕೊಡುವುದು. ಪಕ್ಕೆ ಸೀಳಿದ ಟಯರಿಗೆ ಯಾವ ಪಂಕ್ಚರ್ ಅಂಗಡಿಯಲ್ಲಿಯೂ ಔಷಧವಿಲ್ಲ.

ಮಿತ್ರರ ಮನೆಯನ್ನು ಸೇರುವ ವೇಳೆಗೆ ಸಂಜೆಯಾಗಿದ್ದಿತು. ಕೊಡಗಿನ ಬೆಟ್ಟಗಳ ಮೇಲೆ ಮುಂಗಾರಿಗೆ ಮುಂಚಿನ ಮೋಡಗಳು ಕೂಡಿದ್ದುವು. ಮಡಿಕೇರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಮೂರು ಸಾವಿರ ಮಿಲಿಮೀಟರಿಗೆ ಮಿಕ್ಕುವುದು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವುದು. ಊಟವಾದ ಮೇಲೆ ಜಗಲಿಯಲ್ಲಿ ಟಯರಿನ ಸಭೆ ಸೇರಿತು. ಮಿತ್ರರು ತಮ್ಮ ಆಲೋಚನೆಯನ್ನು ಮುಂದಿಟ್ಟರು: "ಎರಡು ಬಂಡಿಗಳದೂ ಒಂದೇ ಅಳತೆ, ೨೧೫/೭೫ ಆರ್ ೧೫. ಎಂಟನ್ನೂ ಒಂದೇ ಜಾತಿಯ ಕಾರು ಟಯರು ಕೊಂಡರೆ ಬೆಲೆಯಲ್ಲಿ ಉಳಿತಾಯವಾಗುತ್ತದೆ." ಕಾಲೇಜಿನಲ್ಲಿ ಓದುತ್ತಿರುವ ಅವರ ಮಗನದು ಬೇರೆ ಆಲೋಚನೆ. "ಅಪ್ಪ, ಪಿಕಪ್ಪಿಗೆ ಏನಾದರೂ ಹಾಕಿ. ನಮ್ಮ ಕಾರಿಗೆ ಮಾತ್ರ ಮಂದಲಪಟ್ಟಿಯ ಜೀಪುಗಳಿಗೆ ಇರುತ್ತದಲ್ಲ, ಆ ದೊಡ್ಡ ಹಲ್ಲಿನದೇ ಬೇಕು, ಅದೂ ಒಂದು ಅಳತೆ ದೊಡ್ಡದು" ಎಂದನು. ಅಜ್ಜಿಯವರು ಎಲೆಯಡಿಕೆ ಹಾಕಿಕೊಳ್ಳುತ್ತ, "ನನ್ನನ್ನು ಘಟ್ಟದಲ್ಲಿ ಉರುಳಿಸದ ಹಾಗೆ ಏನಾದರೂ ಹಾಕಿಸಿ" ಎಂದರು. ಸಭೆಯಲ್ಲಿ ನಿಜವಾದ ವಿಷಯವನ್ನು ಹೇಳಿದವರು ಅವರೊಬ್ಬರೇ ಎನ್ನಬೇಕು.

ಮೊದಲು ಪಿಕಪ್ಪಿನ ಲೆಕ್ಕ ಮಾಡಿದೆವು. ಮೂಟೆ ತುಂಬಿದಾಗ ಅದರ ಹಿಂದಿನ ಅಚ್ಚಿನ ಮೇಲೆ ಬೀಳುವ ಭಾರ ೧೯೦೦ ಕಿಲೋಗ್ರಾಮು ಎಂದು ಇಟ್ಟುಕೊಳ್ಳೋಣ. ಎರಡು ಟಯರುಗಳಿಗೆ ಹಂಚಿದರೆ ಒಂದೊಂದಕ್ಕೆ ೯೫೦. ಹೊರೆಯ ಅಂಕ ೧೦೦ ಇರುವ ಕಾರು ಟಯರುಗಳೆರಡೂ ಸೇರಿ ಹೊರಬಲ್ಲುದು ೧೬೦೦ ಮಾತ್ರ. ೩೦೦ ಕಿಲೋಗ್ರಾಮು, ಎಂದರೆ ಐವತ್ತು ಕಿಲೋಗ್ರಾಮಿನ ಆರು ಮೂಟೆಗಳ ಭಾರ, ಮಿಗುವುದು. ಆದುದರಿಂದ ಅಳತೆ ಒಂದೇ ಆದರೂ ಪಿಕಪ್ಪಿಗೆ ಬೇಕಾದುದು 'ಎಲ್‌ಟಿ' ಎಂಬ ಗುರುತಿನ ಟಯರು. ಹಗುರ ಲಾರಿಗೆಂದೇ ಕಟ್ಟಿದ ಇದರ ಪಕ್ಕೆಯು ಹೆಚ್ಚು ಬಿಗಿ. ಇದರ ಮೇಲೆ '೧೦೬/೧೦೩' ಎಂದು ಎರಡು ಅಂಕಗಳಿರುವುದುಂಟು. ಒಂಟಿಗಾಲಿಗೆ ಮೊದಲನೆಯದು, ಜೋಡಿಗಾಲಿಗೆ ಎರಡನೆಯದು. ಇಂತಹ ಟಯರಿಗೆ ಅದರ ಹೊರೆಗೆ ತಕ್ಕಷ್ಟು ಹೆಚ್ಚು ಗಾಳಿಯನ್ನೂ ತುಂಬಬೇಕು. ಗಾಳಿಯಿಲ್ಲದೆ ಟಯರಿಗೆ ಬಲವೆಲ್ಲಿಂದ ಬರಬೇಕು? ಲೆಕ್ಕವನ್ನು ಕಂಡ ಮಿತ್ರರು ಉಳಿತಾಯದ ಮಾತನ್ನು ಮತ್ತೆ ಎತ್ತಲಿಲ್ಲ. ಹಳೆಯ ಟಯರಿಗೆ ಹೊಸ ಹಲ್ಲು ಕೂರಿಸುವ ರೀಟ್ರೆಡ್ಡಿನ ಪ್ರಸ್ತಾಪವೂ ಬಂದಿತು. ಕಟ್ಟಡ ಗಟ್ಟಿಯಿರುವ ದೊಡ್ಡ ಲಾರಿಗಳ ಹಿಂದಿನ ಗಾಲಿಗಳಿಗೆ ಅದು ಬಳಕೆಯಲ್ಲಿರುವುದು ನಿಜ. ಘಟ್ಟದ ಬಂಡಿಯ ಮುಂದಿನ ಗಾಲಿಗೆ ಮಾತ್ರ ಅದು ಬೇಡವೆಂದು ಎಲ್ಲರೂ ಒಪ್ಪಿದರು.

ಮಗನ ಬೇಡಿಕೆಯನ್ನು ಜಗಲಿಯಲ್ಲಿ ತೀರ್ಮಾನಿಸುವುದು ಸಾಧ್ಯವಾಗಲಿಲ್ಲ. ಮರುದಿನ ಎಲ್ಲರೂ ಮಂದಲಪಟ್ಟಿಗೆ ಹೋದೆವು. ಪುಷ್ಪಗಿರಿಯ ಅರಣ್ಯದ ಅಂಚಿನಲ್ಲಿ ಹುಲ್ಲುಬೆಟ್ಟಗಳು ಅಲೆಯ ಮೇಲೆ ಅಲೆಯಾಗಿ ಹಬ್ಬಿರುವ ಆ ಸ್ಥಳದ ಸೊಬಗನ್ನು ವರ್ಣಿಸಲು ಬೇರೊಂದು ಲೇಖನವೇ ಬೇಕು. ಕೊನೆಯ ಕೆಲವು ಕಿಲೋಮೀಟರುಗಳ ದಾರಿಯು ದಾರಿಯೆನ್ನುವುದಕ್ಕಿಂತ ಕಲ್ಲು ಕೆಸರುಗಳ ಕೊರಕಲು ಎನ್ನಬೇಕು. ಪ್ರವಾಸಿಗಳನ್ನು ಅಲ್ಲಿಗೆ ಕರೆದೊಯ್ಯುವುದು ಬಾಡಿಗೆಯ ಜೀಪುಗಳು. ಹಿಂದಿನ ದಿನದ ಮಳೆಗೆ ನೆನೆದ ಜೇಡಿಯಲ್ಲಿ ನಮ್ಮ ಜೀಪು ಮುಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ಏರುತ್ತ ಹೋಯಿತು. ಅದರ ಟಯರುಗಳಿಗೆ ಹೆಬ್ಬೆಟ್ಟಿನ ಗಾತ್ರದ ಹಲ್ಲುಗಳು, ನಡುನಡುವೆ ಅಗಲವಾದ ಸಂದುಗಳು. ಗಾಲಿ ತಿರುಗಿದಂತೆಲ್ಲ ಸಂದಿಗೆ ತುಂಬಿದ ಕೆಸರು ಹಾರಿಹೋಗಿ ಹಲ್ಲು ಮತ್ತೆ ಚೊಕ್ಕಟವಾಗುವುದು. ಇದನ್ನೇ ಎಂಟಿ ಎನ್ನುವರು. ಮಗನ ಮುಖದಲ್ಲಿ ವಿಜಯದ ಕಳೆಯಿದ್ದಿತು.

ಮೇಲೆ ನಿಂತು ಗಾಳಿಗೆ ಮೈಯೊಡ್ಡಿದ್ದಾಗ ಅವನೇ ಚಾಲಕನನ್ನು ಕೇಳಿದನು: "ಅಣ್ಣ, ಈ ಟಯರು ನಮ್ಮ ಮನೆ ಕಾರಿಗೂ ಆಗುತ್ತದೆಯಲ್ಲ?" ಚಾಲಕನು ಬೀಡಿಯನ್ನಾರಿಸಿ ಹೇಳಿದ ಮಾತು ಇದು: "ಆಗುತ್ತದಪ್ಪ, ಯಾಕಾಗುವುದಿಲ್ಲ? ನಾನು ದಿನವೂ ಓಡಿಸುವುದು ಈ ಕೆಸರಿನಲ್ಲಿ. ನನಗೆ ಇದಿಲ್ಲದೆ ಬದುಕಿಲ್ಲ. ಆದರೆ ಮಳೆಯಲ್ಲಿ ಮನೆಯವರನ್ನು ಕೂರಿಸಿಕೊಂಡು ಸಂಪಾಜೆ ಘಟ್ಟ ಇಳಿಯುವುದಿದ್ದರೆ ಈ ಜೀಪು ತೆಗೆಯುವುದಿಲ್ಲ. ನುಣ್ಣನೆ ಟಾರಿನ ಮೇಲೆ ನೀರು ನಿಂತರೆ ಇದಕ್ಕೆ ಹಿಡಿತ ಸಾಲದು."

ಕಾರಣವು ಕಷ್ಟವಾದುದಲ್ಲ. ಹಲ್ಲುಗಳ ನಡುವೆ ಸಂದು ಅಗಲವಾದಷ್ಟೂ ನೆಲಕ್ಕೆ ತಾಗುವ ರಬ್ಬರು ಕಡಮೆ. ಮಣ್ಣಿನಲ್ಲಿ ಹಲ್ಲು ಇಳಿದು ಕಚ್ಚುವುದು. ಟಾರಿನಲ್ಲಿ ಇಳಿಯಲು ಎಡೆಯೆಲ್ಲಿ? ಅಲ್ಲಿ ಬೇಕಾದುದು ನೆಲವನ್ನು ಒತ್ತಿ ಹಿಡಿಯುವ ಮೆದು ರಬ್ಬರೂ, ನೀರನ್ನು ಸೀಳಿ ಹೊರಗೆ ಹಾಕುವ ಕಿರಿದಾದ ಕಾಲುವೆಗಳೂ. ಅಲ್ಲದೆ ಎಂಟಿ ಟಯರು ಭಾರ ಹೆಚ್ಚು, ಸದ್ದು ಹೆಚ್ಚು, ಎಣ್ಣೆಯ ಖರ್ಚೂ ಹೆಚ್ಚು. ಟಾರಿನ ದಾರಿಗೆಂದೇ ಮಾಡಿದುದು ಹೆಚ್‌ಟಿ. ಎರಡರ ನಡುವಣದು ಎಟಿ. ಮಿತ್ರರ ಕಾರಿನ ತಿಂಗಳ ಓಡಾಟವನ್ನು ಕೂಡಿ ನೋಡಿದರೆ, ತೋಟದ ಬಾಗಿಲಿನಿಂದ ಮನೆಗೆ ಒಂದೂವರೆ ಕಿಲೋಮೀಟರಿನ ಕೆಮ್ಮಣ್ಣಿನ ದಾರಿಯೊಂದನ್ನು ಬಿಟ್ಟು ಉಳಿದುದೆಲ್ಲ ಟಾರು. ಆದುದರಿಂದ ಒದ್ದೆಯ ಟಾರಿನಲ್ಲಿ ಹಿಡಿತ ಚೆನ್ನಾಗಿರುವ ಎಟಿ ಸಾಕೆಂದು ತೀರ್ಮಾನವಾಯಿತು.

ಒಂದು ಅಳತೆ ದೊಡ್ಡದನ್ನು ಹಾಕಬೇಕೆಂಬ ಆಸೆಗೂ ಲೆಕ್ಕವೇ ಉತ್ತರ ಕೊಟ್ಟಿತು. ೨೧೫/೭೫ ಆರ್ ೧೫ ಟಯರಿನ ಪೂರ್ಣ ವ್ಯಾಸ ಸುಮಾರು ೭೦೪ ಮಿಲಿಮೀಟರು. ೨೩೫/೭೫ ಆರ್ ೧೫ರದು ಸುಮಾರು ೭೩೪. ನೂರಕ್ಕೆ ನಾಲ್ಕಕ್ಕೂ ಹೆಚ್ಚು ವ್ಯತ್ಯಾಸ. ಗಾಲಿಯ ಒಂದು ಸುತ್ತಿಗೆ ಬಂಡಿ ಅಷ್ಟು ಹೆಚ್ಚು ಮುಂದೆ ಹೋಗುವುದಾದರೂ ವೇಗದ ಮುಳ್ಳಿಗೆ ಅದರ ಅರಿವಿಲ್ಲ. ಮುಳ್ಳು ಮೊದಲು ಸರಿಯಾಗಿದ್ದು ಈಗ ೮೦ ತೋರಿಸುವಾಗ ನಿಜವಾದ ವೇಗ ೮೩ನ್ನು ದಾಟಿರುವುದು. ತಿರುಗಿಸುವಾಗ ಟಯರು ಒಳಗಿನ ತಗಡಿಗೆ ಉಜ್ಜಲೂಬಹುದು. ಚಾಲಕನ ಪಕ್ಕದ ಬಾಗಿಲಿನ ಕಂಬದ ಮೇಲೆ ಬಂಡಿಯನ್ನು ಮಾಡಿದವರೇ ಅಂಟಿಸಿರುವ ಚೀಟಿಯಲ್ಲಿ ಅಳತೆಯೂ ಗಾಳಿಯ ಒತ್ತಡವೂ ಬರೆದಿರುವುವು. ಅದನ್ನು ನಂಬುವುದೇ ಲೇಸು. ಟಯರಿನ ಪಕ್ಕೆಯ ಮೇಲೆ ಬರೆದ ಒತ್ತಡವು ಅದು ತಾಳಬಲ್ಲ ಪರಮಾವಧಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ. ಈ ಎರಡನ್ನು ಒಂದೆಂದು ತಿಳಿದು ಗಾಳಿ ತುಂಬಿಸುವವರು ಬಹಳ. ಹುಡುಗನು ಕೊನೆಗೆ, "ಆಗಲಿ. ನಾನೇ ಒಂದು ಜೀಪು ಕೊಂಡಾಗ ಹಾಕಿಸಿಕೊಳ್ಳುತ್ತೇನೆ" ಎಂದನು. ನ್ಯಾಯವಾದ ಮಾತು.

ಟಯರುಗಳನ್ನು ಕುಶಾಲನಗರದಲ್ಲಿ ಕೊಂಡು ಹಾಕಿಸಿದೆವು. ಗಾಲಿಗಳನ್ನು ತೂಗಿ ಸಮಮಾಡುವ ಬ್ಯಾಲೆನ್ಸಿಂಗನ್ನೂ, ಅವುಗಳ ಓರೆಕೋರೆಯನ್ನು ತಿದ್ದುವ ಅಲೈನ್‌ಮೆಂಟನ್ನೂ ಮಾಡಿಸಿದೆವು; ಇವಿಲ್ಲದೆ ಹೊಸ ಟಯರೂ ಒಂದೇ ಪಕ್ಕಕ್ಕೆ ಸವೆದುಹೋಗುವುದು. ಅಲ್ಲಿ ಬಂದಿದ್ದ ಇನ್ನೊಬ್ಬ ಗೃಹಸ್ಥರು ಎರಡೇ ಹೊಸ ಟಯರು ಕೊಂಡು ಮುಂದಿನ ಗಾಲಿಗಳಿಗೆ ಹಾಕೆಂದರು. ಮೇಸ್ತ್ರಿಯು ಒಪ್ಪಲಿಲ್ಲ. "ಹೊಸದು ಹಿಂದಕ್ಕೆ ಯಜಮಾನರೇ. ಮುಂದಿನದು ಜಾರಿದರೆ ಕೈಗೆ ತಿಳಿಯುತ್ತದೆ, ವೇಗ ಇಳಿಸಬಹುದು. ಹಿಂದಿನದು ಜಾರಿದರೆ ಬಂಡಿಯೇ ತಿರುಗಿ ನಿಲ್ಲುತ್ತದೆ. ಆಗ ಏನು ಮಾಡುತ್ತೀರಿ?" ಎಂದನು. ನಾಲ್ಕೂ ಗಾಲಿಗಳಿಗೆ ಯಂತ್ರಬಲ ಹೋಗುವ, ಫೋರ್‌ವೀಲ್ ಎಂದು ಜನ ಕರೆಯುವ ಬಂಡಿಗಳಿಗೆ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಬೇಕೆಂದೂ, ಒಂದು ಗಾಲಿ ಸಣ್ಣದು ಒಂದು ದೊಡ್ಡದು ಆದರೆ ಒಳಗಿನ ಹಲ್ಲುಚಕ್ರಗಳು ಒಂದರೊಡನೊಂದು ಸೆಣಸುವುವೆಂದೂ ಅವನು ತಿಳಿಸಿದನು.

ಎರಡು ದಿನಗಳ ಬಳಿಕ ಅಜ್ಜಿಯವರನ್ನು ಕರೆದುಕೊಂಡು ಸುಳ್ಯಕ್ಕೆ ಹೊರಟೆವು. ಅಲ್ಲಿ ಅವರ ಮಗಳ ಮನೆ. ಮಡಿಕೇರಿಯಿಂದ ಸುಳ್ಯಕ್ಕೆ ಸುಮಾರು ಐವತ್ತು ಕಿಲೋಮೀಟರು. ಅಷ್ಟರಲ್ಲಿ ದಾರಿಯು ಸಾವಿರ ಮೀಟರಿನಷ್ಟು ಕೆಳಗಿಳಿಯುವುದು. ಹೊಸ ಟಯರಿನ ಮೈಯಲ್ಲಿ ಅಚ್ಚಿನ ನುಣುಪು ಇನ್ನೂ ಉಳಿದಿರುವುದರಿಂದ ಮೊದಲ ಕೆಲವು ನೂರು ಕಿಲೋಮೀಟರು ಮೆಲ್ಲಗೆ ಹೋಗಬೇಕೆಂದು ಮೇಸ್ತ್ರಿ ಹೇಳಿದ್ದುದನ್ನು ನೆನೆದು ಮಿತ್ರರು ನಿಧಾನವಾಗಿಯೇ ನಡೆಸುತ್ತಿದ್ದರು. ಜೋಡುಪಾಲ ಬರುವ ಮುನ್ನವೇ ಮಳೆ ಹಿಡಿಯಿತು. ೨೦೧೮ರ ಆಗಸ್ಟಿನಲ್ಲಿ ಇಲ್ಲಿಯ ಬೆಟ್ಟಗಳು ಕುಸಿದು ಮನೆಗಳೂ ತೋಟಗಳೂ ಜನರೂ ಮಣ್ಣುಪಾಲಾಗಿ, ರಸ್ತೆಯು ಕಡಿದುಹೋಗಿದ್ದುದು ವಾಚಕರಿಗೆ ನೆನಪಿರಬಹುದು. ಅಜ್ಜಿಯವರು ಆ ಬೆಟ್ಟದ ಕಡೆ ನೋಡಿ ಕೈಮುಗಿದರು. ಯಾರೂ ಮಾತನಾಡಲಿಲ್ಲ.

ಮುಂದೆ ಒಂದು ತಿರುವು. ರಸ್ತೆಯ ಮೇಲೆ ಕೆನ್ನೀರು ಹಾಳೆಯಂತೆ ಹರಿಯುತ್ತಿದ್ದಿತು. ನಮ್ಮ ಮುಂದಿದ್ದ ಒಂದು ಕಾರು ಬ್ರೇಕು ಹಾಕಿದುದು ಹಿಂದಿನ ಕೆಂಪು ದೀಪದಿಂದ ಕಂಡಿತು. ಆದರೆ ಕಾರು ನಿಲ್ಲಲಿಲ್ಲ. ಗಾಲಿಗಳು ತಿರುಗುವುದನ್ನು ಮರೆತಂತೆ ಅದು ನೀರಿನ ಮೇಲೆ ತೇಲುತ್ತ ಹಾಗೆಯೇ ಸಾಗಿ, ದೈವಕೃಪೆಯಿಂದ ಕಣಿವೆಯ ಕಡೆಗೆ ಹೋಗದೆ ಬೆಟ್ಟದ ಮಗ್ಗುಲಿನ ಚರಂಡಿಗೆ ಇಳಿದು ನಿಂತಿತು. ಮಿತ್ರರು ಬ್ರೇಕನ್ನೊತ್ತಿದರು. ಗಾಲಿಗಳ ಕೆಳಗೆ ನೀರು ಸೀಳಿ ಪಕ್ಕಕ್ಕೆ ಹಾರಿದ ಸದ್ದು ನಮಗೆ ಕೇಳಿಸಿತು. ಬಂಡಿಯು ನೇರವಾಗಿ, ಎಂಟು ಹತ್ತು ಮಾರಿನ ಹಿಂದೆಯೇ ನಿಂತಿತು. ಇಳಿದು ಹೋಗಿ ನೋಡಿದೆವು. ಕಾರಿನಲ್ಲಿದ್ದ ದಂಪತಿಗಳಿಗೂ ಮಗುವಿಗೂ ಪೆಟ್ಟಾಗಿರಲಿಲ್ಲ. ಕಾರಿನ ಟಯರುಗಳು ಮಾತ್ರ ಅಂಗೈಯಂತೆ ನುಣ್ಣಗಿದ್ದುವು.

ಟಯರಿನ ಕಾಲುವೆಗಳ ತಳದಲ್ಲಿ ಅಡ್ಡಲಾಗಿ ಸಣ್ಣ ದಿಂಡುಗಳಿರುವುವು. ಹಲ್ಲು ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಉಳಿದ ಆಳ ೧.೬ ಮಿಲಿಮೀಟರು, ಅಲ್ಲಿಗೆ ಟಯರಿನ ಆಯುಷ್ಯ ಮುಗಿಯಿತು. ಘಟ್ಟದ ಮಳೆಗೆ ಅದಕ್ಕೂ ಮುಂಚೆ, ಮೂರು ಮಿಲಿಮೀಟರು ಉಳಿದಿರುವಾಗಲೇ, ಬದಲಾಯಿಸುವುದು ಜಾಣತನ. ಕಾಲುವೆ ತುಂಬಿಹೋದರೆ ನೀರಿಗೆ ಹೊರಡಲು ದಾರಿಯಿಲ್ಲ; ಆಗ ಟಯರು ನೀರಿನ ಮೇಲೇರುವುದು, ಬ್ರೇಕು ಎಷ್ಟು ಒಳ್ಳೆಯದಾದರೂ ಅದು ಹಿಡಿಯುವುದು ಗಾಲಿಯನ್ನೇ ಹೊರತು ರಸ್ತೆಯನ್ನಲ್ಲ.

ಸಂಪಾಜೆಯನ್ನು ದಾಟುತ್ತಲೇ ನಾಡಿನ ಚಹರೆ ಬದಲಾಗುವುದು. ಕಾಫಿ ಮರೆಯಾಗಿ ಅಡಕೆಯೂ ರಬ್ಬರೂ ತೋರುವುವು. ಸುಳ್ಯದ ಸುತ್ತಮುತ್ತ ಸಾಲುಸಾಲಾಗಿ ನಿಂತ ರಬ್ಬರಿನ ಮರಗಳಿಗೆ ಒಂದು ಕತೆಯೇ ಇದೆ. ೧೮೭೬ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲನು ಬ್ರೆಜಿಲಿನಿಂದ ರಬ್ಬರಿನ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದನು. ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೆ ಬಂದುವು. ೧೯೬೪ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳೂ ಸಿಂಹಳದ ಪ್ರಧಾನಿ ಸಿರಿಮಾವೊ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದ ಮೇರೆಗೆ ಅಲ್ಲಿಯ ತೋಟಗಳಿಂದ ಹಿಂತಿರುಗಿದ ತಮಿಳು ಕುಟುಂಬಗಳಲ್ಲಿ ಹಲವಕ್ಕೆ ಸುಳ್ಯ, ಪುತ್ತೂರುಗಳ ಸೀಮೆಯ ಸರಕಾರಿ ರಬ್ಬರು ತೋಟಗಳಲ್ಲಿ ಜೀವನೋಪಾಯ ದೊರೆಯಿತು. ಮರವೂ ಅದನ್ನು ಬಲ್ಲ ಕೈಯೂ ಒಂದೇ ದ್ವೀಪದ ದಾರಿಯಾಗಿ ಬಂದುವೆನ್ನಬಹುದು.

ಮರುದಿನ ನಸುಕಿನಲ್ಲಿ ಮನೆಯವರು ತಮ್ಮ ತೋಟವನ್ನು ತೋರಿಸಿದರು. ಬಿಸಿಲೇರಿದರೆ ಹಾಲು ಚೆನ್ನಾಗಿ ಇಳಿಯದು. ಆದುದರಿಂದ ಮರ ಕೆರೆಯುವ ಕೆಲಸ ಬೆಳಗಾಗುವುದರೊಳಗೆ ಆಗಬೇಕು. ಓರೆಯಾಗಿ ಕೆರೆದ ತೊಗಟೆಯಿಂದ ಹಾಲು ಸಣ್ಣ ಧಾರೆಯಾಗಿ ಚಿಪ್ಪಿಗೆ ಇಳಿಯುತ್ತಿದ್ದಿತು. ಮಳೆಯ ನೀರು ಸೇರದಂತೆ ಮರದ ಸೊಂಟಕ್ಕೆ ಪ್ಲಾಸ್ಟಿಕ್ಕಿನ ಮರೆ ಕಟ್ಟುತ್ತಿದ್ದರು. ಈ ಹಾಲನ್ನು ಹುಳಿ ಹಾಕಿ ಹೆಪ್ಪುಗಟ್ಟಿಸಿ, ಹಾಳೆಯಾಗಿ ಒತ್ತಿ, ಹೊಗೆಯಲ್ಲಿ ಒಣಗಿಸುವರು. ಬರಿಯ ರಬ್ಬರು ಬಿಸಿಲಿಗೆ ಅಂಟಾಗುವುದು, ಚಳಿಗೆ ಬಿರಿಯುವುದು. ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರನು ಗಂಧಕದೊಡನೆ ಕಾಯಿಸಿ ಅದಕ್ಕೆ ಸ್ಥಿರತೆ ಬರುವುದೆಂದು ಕಂಡುಕೊಂಡನು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ಪನು ತನ್ನ ಮಗನ ಮೂರುಗಾಲಿಯ ಬಂಡಿಗಾಗಿ ಗಾಳಿ ತುಂಬಿದ ಟಯರನ್ನು ಮಾಡಿದನು. ಇಂದು ಕಾರಿನ ಟಯರಿನಲ್ಲಿ ಕೃತಕ ರಬ್ಬರಿನ ಪಾಲು ಹೆಚ್ಚು. ಭಾರ ಹೊರುವ ಲಾರಿಯ ಟಯರಿನಲ್ಲಿ ಮರದ ರಬ್ಬರಿನ ಪಾಲೇ ಹೆಚ್ಚು, ಏಕೆಂದರೆ ಅದು ಕಡಮೆ ಕಾಯುವುದು, ಬೇಗ ಹರಿಯದು. ಮಸಿಯು ರಬ್ಬರಿಗೆ ಗಟ್ಟಿತನವನ್ನೂ ಕಪ್ಪು ಬಣ್ಣವನ್ನೂ ಕೊಡುವುದು; ಸಿಲಿಕಾ ಬೆರೆಸಿದರೆ ಒದ್ದೆಯಲ್ಲಿ ಹಿಡಿತ ಹೆಚ್ಚುವುದು.

ಇಷ್ಟೆಲ್ಲ ಕೈಗಳ ಶ್ರಮದಿಂದ ಆದ ವಸ್ತುವನ್ನು ಕೊಳ್ಳುವಾಗ ಗೃಹಸ್ಥನು ಮಾಡಬೇಕಾದ ಕೆಲಸ ಬಹಳವೇನೂ ಇಲ್ಲ. ತಾನು ವರ್ಷವಿಡೀ ನಿಜವಾಗಿ ಹೋಗುವ ದಾರಿ ಯಾವುದೆಂದು ತಿಳಿಯಬೇಕು. ಎಂದೋ ಒಂದು ದಿನ ಹೋಗಬೇಕೆಂದು ಕನಸು ಕಾಣುವ ದಾರಿಯನ್ನಲ್ಲ. ಬಂಡಿಯ ಅಳತೆಯನ್ನು ಬದಲಿಸಬಾರದು. ಹೊರೆಯ ಅಂಕವನ್ನು ಮೂಲದಲ್ಲಿದ್ದುದಕ್ಕಿಂತ ಇಳಿಸಲೇಬಾರದು. ಹುಟ್ಟಿದ ವಾರವನ್ನು ಓದಬೇಕು. ಹಾ‍ಕಿಸಿದ ಬಳಿಕ ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಗಾಲಿಗಳನ್ನು ಅದಲುಬದಲು ಮಾಡಿಸಬೇಕು. ಮುಂದೆ ರಿಬ್ ಹಿಂದೆ ಲಗ್ ಇರುವಲ್ಲಿ ಎಡಬಲ ಮಾತ್ರ. ಗಾಳಿಯನ್ನು ತಿಂಗಳಿಗೆ ಎರಡು ಸಲವಾದರೂ ಬಂಡಿ ಓಡುವ ಮುನ್ನ, ಟಯರು ತಣ್ಣಗಿರುವಾಗ, ಅಳೆಯಬೇಕು. ಓಡಿ ಕಾದ ಟಯರು ಒತ್ತಡವನ್ನು ಹೆಚ್ಚಾಗಿ ತೋರಿಸಿ ಮೋಸಮಾಡುವುದು.

ನಾವು ತೋಟದಿಂದ ಹಿಂತಿರುಗಿದಾಗ ಮಿತ್ರರ ಮಗನು ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಘಟ್ಟ ಹತ್ತುವ ಮೊದಲು ಒಂದೊಂದಾಗಿ ಗಾಳಿಯನ್ನು ಅಳೆಯುತ್ತಿದ್ದನು. ನಾಲ್ಕು ಮುಗಿಸಿ ಐದನೆಯದಕ್ಕೆ, ಹಿಂದೆ ತೂಗುತ್ತಿದ್ದ ಹೆಚ್ಚುವರಿ ಗಾಲಿಗೆ, ಬಂದಾಗ ಅಜ್ಜಿಯವರು ಜಗಲಿಯಿಂದ, "ಅದು ನೆಲಕ್ಕೆ ತಾಗುವುದೇ ಇಲ್ಲವಲ್ಲೋ ಮಗಾ, ಅದಕ್ಕೇಕೆ?" ಎಂದು ಕೇಳಿದರು. "ತಾಗುವ ದಿನ ಬೇಕಾಗುತ್ತದೆ ಅಜ್ಜಿ" ಎಂದು ಹೇಳಿ ಅವನು ಅದನ್ನೂ ಅಳೆದನು.